ಅಜ್ಜಿಯ ಹಲಸಿನ ಮರಕ್ಕೊಬ್ಬ ವಕೀಲರು

ನಮ್ಮ ಮನೆಯಲ್ಲಿ ಮಾತಾಡದೆ ಮಾಡಬಹುದಾದ ಕೆಲಸಗಳೆಲ್ಲ ನನ್ನ ಪಾಲಿನವು. ಮೋಟಾರ್ ಹಾಕುವುದು, ಟ್ಯಾಂಕ್ ತೊಳೆಯುವುದು, ಬಾಡಿಗೆದಾರರ ಕರೆಂಟ್ ಬಿಲ್ಲನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಬರುವುದು. ಹಾಗಿದ್ದೂ ವಕೀಲರನ್ನು ಹುಡುಕುವ ಕೆಲಸವನ್ನು ನನಗೇ ಕೊಟ್ಟದ್ದು ಅನ್ಯಾಯ. ಪಿಯುಸಿ ಮೊದಲ ವರ್ಷದಲ್ಲಿ ಎಲ್ಲರೆದುರು ನಿಂತು ಸೆಮಿನಾರ್ ಕೊಡಬೇಕೆಂದಾಗ ಕಾಲೇಜನ್ನೇ ಬಿಟ್ಟವನು ನಾನು. (ಸೆಮಿನಾರಿನ ವಿಷಯ: ಸಂವಹನ ಕಲೆ.)

ತಲಘಟ್ಟಪುರದ ನಮ್ಮ ಮನೆಯಲ್ಲಿ ಅಜ್ಜಿಯ ಹಲಸಿನ ಮರವಿದೆ. ಅಜ್ಜಿ ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟದ್ದು. ಅದರ ಒಂದು ಕೊಂಬೆ ಪಕ್ಕದ ಮನೆಯ ಶಶಿಧರ್ ಅಂಕಲ್ ಗೇಟಿನ ಕಡೆ ಚಾಚಿದೆ. ಹೋದ ಬೇಸಿಗೆಯಲ್ಲಿ ಆ ಕೊಂಬೆಯ ಹಣ್ಣೊಂದು ಅವರ ಹೊಸ ಕಾರಿನ ಮೇಲೆ ಪದಾರ್ಪಣೆ ಮಾಡಿತು. ಅವರು ಕೊಂಬೆ ಕಡಿಸಿ ಎಂದರು. ಅಜ್ಜಿ ಕಾರು ಸರಿಸಿ ಎಂದಳು. ಅಂಕಲ್ ಕೋರ್ಟಿಗೆ ಹೋಗಿ, ಇಡೀ ಮರವನ್ನೇ ತೆಗೆಸಬೇಕೆಂದು ಅಜ್ಜಿಯ ಮೇಲೆ ದಾವೆ ಹೂಡಿದರು. ಸಮನ್ಸ್ ಬಂದ ದಿನ ಅಜ್ಜಿ ಊಟ ಬಿಟ್ಟು, ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಳು. ಅಪ್ಪ ದಿನಾ ಅಂಕಲ್ ಜೊತೆ ವಾಕಿಂಗ್ ಹೋಗುವುದರಿಂದ ತಟಸ್ಥ ನೀತಿ ಘೋಷಿಸಿದರು.

ಉಳಿದವನು ನಾನು.

“ಲಾಯ್ರನ್ನೂ ಹಣ್ಣಿನಂಗೆ ತಟ್ಟಿ ನೋಡಿ ತಕ್ಕಬೇಕು ಕೂಸೇ,” ಎಂದು ಅಜ್ಜಿ ಡಬ್ಬಿ ತುಂಬ ಹಲಸಿನ ತೊಳೆ ಹಿಡಿದು ಸ್ಕೂಟರ್ ಹತ್ತಿದಳು. “ವಿಸ್ಯ ನೀನೇ ಹೇಳು. ನಾನ್ ಹೇಳಿದ್ರೆ ಬೈಗುಳ ಬತ್ತದೆ.”

ವಿಲ್ಸನ್ ಗಾರ್ಡನ್ನಿನ ವಕೀಲರ ಮುಂದೆ ನಾನು “ಸಾರ್, ಒಂದು ಹಣ್ಣು...” ಎನ್ನುವಷ್ಟರಲ್ಲಿ ಅವರು ಕೈಯೆತ್ತಿದರು.

“ಗೊತ್ತಾಯ್ತು. ಅಣ್ತಮ್ಮಂದ್ರ ತೋಟದ ಪಾಲು ತಾನೇ?”

ಅಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ಪಾಲು ವಿಭಾಗದ ಕಾನೂನನ್ನೆಲ್ಲ ಕೇಳಿಸಿಕೊಂಡು, ನಮಸ್ಕಾರ ಮಾಡಿ ಬಂದೆವು. “ಟೊಳ್ಳು,” ಎಂದಳು ಅಜ್ಜಿ.

ಹನುಮಂತನಗರದವರು ಸಮನ್ಸ್ ಓದುತ್ತಲೇ ಡಬ್ಬಿಯ ಮುಕ್ಕಾಲು ಭಾಗ ಖಾಲಿ ಮಾಡಿದರು. ಕೊನೆಗೆ ಬೆರಳು ಒರೆಸಿಕೊಂಡು, “ಮರ ಕಡಿಸ್ಬಿಡಿ ಅಮ್ಮ, ನೆಮ್ಮದಿ,” ಎಂದರು.

ಅಜ್ಜಿ ಡಬ್ಬಿ ಮುಂದೆ ಚಾಚಿದಳು. “ಬೀಜ ಹಾಕ್ಬಿಡಿ ಇದರೊಳಗೆ. ಸಾರಿಗಾಯ್ತದೆ.”

ಜೆ.ಪಿ. ನಗರದ ಉಮಾಮಹೇಶ್ವರಿ ಮೇಡಂ ಮಾತ್ರ ಪೆನ್ನು ಕೆಳಗಿಟ್ಟು, “ಹೇಳಿ,” ಎಂದು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಅವರು ಕಾದರು. ಅಷ್ಟು ಹೊತ್ತು ನನಗಾಗಿ ಯಾರೂ ಕಾದಿರಲಿಲ್ಲ. ಆಗ ಮಾತು ತಾನಾಗಿ ಹೊರಟಿತು. ಕೊಂಬೆಯ ಉದ್ದವನ್ನು ದಾರ ಹಿಡಿದು ಅಳೆದದ್ದು, ಅಂಕಲ್ ತಮ್ಮ ಗ್ಯಾರೇಜನ್ನು ಜಿಮ್ಮಿಗೆ ಬಾಡಿಗೆ ಕೊಟ್ಟಿದ್ದರಿಂದಲೇ ಕಾರು ಮರದ ಕೆಳಗೆ ಬಂದದ್ದು, ಹಣ್ಣು ಬೀಳುವ ಕಾಲವೆಂದು ಅಜ್ಜಿ ಮೊದಲೇ ಎಚ್ಚರಿಸಿದ್ದು, ಎಲ್ಲವನ್ನೂ ಹೇಳಿದೆ.

“ಮರ ಉಳಿಸೋಕೆ ದಾರಿ ಇದೆ,” ಎಂದರು ಮೇಡಂ. “ಎಷ್ಟು ಅಚ್ಚುಕಟ್ಟಾಗಿ ಹೇಳಿದ್ರಿ. ಯಾವ ಕಾಲೇಜು?”

ನಾನು ಫ್ಯಾನ್ ನೋಡಿದೆ.

“ಮನೇಲೇ ಅವ್ನೆ,” ಎಂದಳು ಅಜ್ಜಿ. “ಕೇಸು ಎಷ್ಟು ದಿನ ಆಯ್ತದಮ್ಮ?”

“ಏಳೆಂಟು ವರ್ಷ ಹಿಡಿದ್ರೂ ಹಿಡೀಬಹುದು ಅಜ್ಜಿ.”

ಅಜ್ಜಿ ಕುಸಿಯುತ್ತಾಳೆಂದು ನಾನು ನೀರಿನ ಲೋಟ ಹಿಡಿದುಕೊಂಡೆ. ಅವಳ ಮುಖ ಅರಳಿತು.

“ಲಾಯ್ರು ಓದಕ್ಕೆ?”

“ಪಿಯುಸಿ ಎರಡು, ಆಮೇಲೆ ಐದು.”

ಅಜ್ಜಿ ಬೆರಳಿನ ಗೆರೆ ಎಣಿಸಿದಳು. “ಸರಿಯಾಯ್ತು. ಅಲ್ಲಿಗಂಟ ನೀವು ನೋಡ್ಕಳಿ. ಆಮೇಲೆ ಪ್ರಸನ್ನ ಬತ್ತಾನೆ,” ಎಂದು ನನ್ನ ಬೆನ್ನು ತಟ್ಟಿದಳು.

ಮೇಡಂ ನಗಲಿಲ್ಲ. ಅವರು ನಕ್ಕು ತಳ್ಳಿಹಾಕುತ್ತಾರೆಂಬುದೊಂದೇ ನನಗಿದ್ದ ಆಸರೆ. “ನಂಗೂ ಜೂನಿಯರ್ ಬೇಕಿತ್ತು,” ಎಂದರು.

“ಅಜ್ಜಿ, ನಂಗೆ ಮಾತಾಡೋಕೆ ಬರಲ್ಲ,” ಎಂದೆ.

“ಮತ್ತೆ ಈಗ ಅರ್ಧ ಗಂಟೆ ಬಾಯಾಡಿಸ್ದೋನು ಯಾರು, ಪಕ್ಕದ್ಮನೆಯೋನಾ?”

ದಾರಿಯುದ್ದಕ್ಕೂ ಅಜ್ಜಿ ಸ್ಕೂಟರಿನ ಹಿಂದೆ ಕೂತು ಅಪ್ಪನಿಗೆ ಫೋನಿನಲ್ಲಿ ಸುದ್ದಿ ಹೇಳಿದಳು. ಮನೆಗೆ ಬಂದವನೇ ಕಾಂಪೌಂಡ್ ಬಳಿ ಹೋಗಿ ಶಶಿಧರ್ ಅಂಕಲ್‌ರನ್ನು ಕರೆದೆ. ಕೇಸು ಇಲ್ಲವಾದರೆ ಕಾಲೇಜೂ ಇಲ್ಲ. ಇದು ನನ್ನ ಜೀವನದ ಮೊದಲ ಕಾನೂನು ತಂತ್ರ.

“ಅಂಕಲ್,” ಎಂದೆ, “ದಯವಿಟ್ಟು ಕೇಸ್ ವಾಪಸ್ ತಗೊಳ್ಳಿ. ಹಣ್ಣು ಬೀಳದ ಹಾಗೆ ನಾನೇ ಬಲೆ ಕಟ್ತೀನಿ. ದಿನಾ ನೋಡ್ಕೋತೀನಿ.”

ಶಶಿಧರ್ ಅಂಕಲ್ ನನ್ನನ್ನು ಬಹಳ ಕರುಣೆಯಿಂದ ನೋಡಿದರು.

“ನಿಮ್ಮಪ್ಪ ಈಗಷ್ಟೇ ಫೋನ್ ಮಾಡಿದ್ರು. ನಾನು ವಾಪಸ್ ತಗೊಂಡ್ರೆ ನೀನು ಓದಲ್ವಂತೆ. ಒಬ್ಬ ಹುಡುಗನ ಭವಿಷ್ಯ ಹಾಳು ಮಾಡಿದ ಪಾಪ ನಂಗ್ಯಾಕಪ್ಪ? ಇರ್ಲಿ, ಕೇಸ್ ನಡೀಲಿ.”

ಅವರು ಒಳಗೆ ಹೋಗಿ, ಮಗಳು ಅರ್ಪಿತಾಳ ಪಿಯುಸಿ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದು ಕಾಂಪೌಂಡಿನ ಮೇಲಿಟ್ಟರು. ಈಚೆ ಕಡೆಯಿಂದ ಅಜ್ಜಿಯ ಕೈ ಆ ಚೀಲವನ್ನು ತೆಗೆದುಕೊಂಡಿತು. ವಾದಿ, ಪ್ರತಿವಾದಿ ಇಬ್ಬರೂ ಪರಸ್ಪರ ತಲೆಯಾಡಿಸಿದರು.

“ಚೆನ್ನಾಗಿ ಓದು ಮರಿ,” ಎಂದರು ಅಂಕಲ್. “ಕೋರ್ಟಲ್ಲಿ ಸಿಗೋಣ.”