ನಿದ್ದೆಗೆಟ್ಟವನ ವಂದನಾರ್ಪಣೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನಂಬಿದವನು ನಾನು. ಪಕ್ಕದ ಮನೆಯವರ ಹೊಸ ಕಾರು, ಜೊತೆಗೆ ಕೆಲಸ ಮಾಡುವವನ ಬಡ್ತಿ, ಷಡ್ಡಕನ ತಲೆಯ ಮೇಲೆ ಇನ್ನೂ ಉಳಿದಿರುವ ಕೂದಲು, ಇವೆಲ್ಲ ಮರ್ಯಾದಸ್ಥರು ಹೊಟ್ಟೆಕಿಚ್ಚು ಪಡಬಹುದಾದ ಸಂಗತಿಗಳು. ಐವತ್ತರ ಹತ್ತಿರ ಬಂದ ಮೇಲೆ ನನಗೆ ಒದಗಿದ್ದು ಮಾತ್ರ ನೊಣದ ಮೇಲಿನ ಹೊಟ್ಟೆಕಿಚ್ಚು. ಅದೂ ಊಟದ ಎಲೆಯ ಮೇಲೆ ಕೂತು ನಾಲ್ಕು ಜನರ ಕಣ್ಣಿಗೆ ಬೀಳುವ ದೊಡ್ಡ ನೊಣವಲ್ಲ. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ, ಎಳ್ಳುಕಾಳಿನಷ್ಟು ಇರುವ ಹಣ್ಣಿನ ನೊಣ.

ಕೋಲಸಿರ್ಸಿಯ ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಇತ್ತೀಚೆಗೆ ಬೇರೆಯವರು ಹೇಳುವುದನ್ನು ನಿಲ್ಲಿಸಿರುವುದರಿಂದ ನಾನೇ ಹೇಳಬೇಕಾಗಿದೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ನಾನು ಬೆಳಿಗ್ಗೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಚಹಾ ಕೊಟ್ಟು, ಕೈ ಒರೆಸಿಕೊಂಡು ಕಾಲೇಜಿಗೆ ಓಡಿ ಬಿ.ಎ. ಮಾಡಿದವನು. ಇಂಗ್ಲಿಷ್ ನನ್ನನ್ನು ಮೊದಲ ಸಲ ಕೆಡವಿತು. ಎರಡನೇ ಸಲ ನಾನು ಅದನ್ನು ಕೆಡವಿದೆ. ಶಿರಸಿಯ ಸ್ಟುಡಿಯೋದಲ್ಲಿ ಬಾಡಿಗೆ ಗೌನು ತೊಟ್ಟು ತೆಗೆಸಿದ ಫೋಟೋ ಇವತ್ತಿಗೂ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿದೆ. ಅದರಲ್ಲಿ ನನ್ನ ಕೈಯಲ್ಲಿರುವುದು ಪದವಿಪತ್ರವಲ್ಲ, ಸುರುಳಿ ಸುತ್ತಿದ ಕ್ಯಾಲೆಂಡರು. ಪದವಿಪತ್ರ ಇನ್ನೂ ಬಂದಿರಲಿಲ್ಲ, ತಡೆಯುವಷ್ಟು ತಾಳ್ಮೆ ನನಗಿರಲಿಲ್ಲ. ಅಂದಿನಿಂದ ಊರಿನ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಪ್ರತಿ ವರ್ಷ ನಾನೇ ಮುಖ್ಯ ಅತಿಥಿ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮತ್ತು ನನ್ನ ಭಾಷಣ. ಭಾಷಣ ಪ್ರತಿ ವರ್ಷವೂ ಒಂದೇ. ಭಾಷಣದಲ್ಲಿ ನಾನು ಹೋಟೆಲಿನ ಬಾಗಿಲಿಗೆ ಬರುವಷ್ಟರಲ್ಲಿ ಏಳನೇ ಕ್ಲಾಸಿನ ಮಕ್ಕಳು ಮುಂದಿನ ಸಾಲನ್ನು ತಾವೇ ಹೇಳಿಬಿಡುತ್ತಿದ್ದರು.

ಹೀಗಿರುವಾಗ ನನ್ನ ತಂಗಿ ಭಾರತಿ ಓದಿದಳು. ನಾನು ಓದಿದೆ ಎಂದರೆ ಓದಿ ಮುಗಿಸಿದೆ ಎಂದು ಅರ್ಥ. ಅವಳದು ಮುಗಿಯಲೇ ಇಲ್ಲ. ಮಗ್ಗಿ ಹೇಳಿಕೊಟ್ಟವನು ನಾನು. ಅವಳು ಅದನ್ನು ಹಿಡಿದುಕೊಂಡು ಡಾಕ್ಟರೇಟಿನವರೆಗೂ ಹೋಗಿ ಮಿದುಳಿನ ವಿಜ್ಞಾನಿಯಾದಳು. ಯಾರ ಮಿದುಳು ಎಂದು ಕೇಳಿದರೆ ಹಣ್ಣಿನ ನೊಣದ್ದು. ನೊಣ ಯಾವಾಗ ಮಲಗುತ್ತದೆ, ಎಷ್ಟು ಮಲಗುತ್ತದೆ, ನಿದ್ದೆ ಕೆಟ್ಟರೆ ಏನನ್ನು ಮರೆಯುತ್ತದೆ, ಇದು ಅವಳ ಸಂಶೋಧನೆ. ಮೊದಲ ಸಲ ಕೇಳಿದಾಗ ಅವ್ವ ನನ್ನನ್ನು ಬದಿಗೆ ಕರೆದು, “ತಮಾ, ಇದಕ್ಕೆ ಸಂಬಳ ಕೊಡ್ತಾರನಾ?” ಎಂದಿದ್ದಳು. ಕೊಡುತ್ತಾರೆ. ನನ್ನದಕ್ಕಿಂತ ಜಾಸ್ತಿ.

ಕಳೆದ ಚಳಿಗಾಲದಲ್ಲಿ ಶಾಲಾ ಕಮಿಟಿಯ ಅಧ್ಯಕ್ಷ ಗಣಪತಣ್ಣ ಮನೆಗೆ ಬಂದ. ಚಹಾ ಕುಡಿದು ಮುಗಿಯುವವರೆಗೂ ಭತ್ತದ ಮಾತಾಡಿ, ಚಪ್ಪಲಿ ಮೆಟ್ಟುವಾಗ ವಿಷಯಕ್ಕೆ ಬಂದ. “ಮಾರಾಯ, ಈ ಸಲ ಗ್ಯಾದರಿಂಗಿಗೆ ಭಾರತೀನ ಕರೀಬೇಕು ಅಂತ ಎಲ್ಲಾರೂ ಹೇಳ್ತಾರೆ. ನಿಂಗೆ ಬೇಜಾರಿಲ್ಲ ಅಲ್ದನಾ?”

“ಬೇಜಾರು ಎಂತಕ್ಕೆ? ನಮ್ಮ ಮನೆ ಹುಡುಗಿ.”

“ನಾನೂ ಅದೇ ಹೇಳ್ದೆ. ನಿನ್ನ ಬಿಡಲಿಲ್ಲ ಮತ್ತೆ. ವಂದನಾರ್ಪಣೆ ನಿಂದು.”

ವಂದನಾರ್ಪಣೆ ಎಂದರೇನು ಎಂದು ಸಭೆಗಳಿಗೆ ಹೋದವರಿಗೆ ಗೊತ್ತು. ಮುಂದಿನ ಸಾಲಿನವರು ಚಪ್ಪಲಿ ಹುಡುಕುತ್ತಿರುತ್ತಾರೆ, ಹಿಂದಿನ ಸಾಲಿನವರು ಅವಲಕ್ಕಿಯ ಕಡೆ ಹೊರಟಿರುತ್ತಾರೆ, ಶಾಮಿಯಾನದವನು ಹಗ್ಗ ಬಿಚ್ಚುತ್ತಿರುತ್ತಾನೆ. ಅದರ ನಡುವೆ ಒಬ್ಬ ಮನುಷ್ಯ ಮೈಕಿನ ಮುಂದೆ ನಿಂತು ಎಲ್ಲರಿಗೂ ಕೃತಜ್ಞನಾಗಿರಬೇಕು. ಮುಖ್ಯ ಅತಿಥಿಯ ಕುರ್ಚಿಯಿಂದ ನೇರವಾಗಿ ಅಲ್ಲಿಗೆ ಇಳಿದವರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು.

ಭಾರತಿ ಬಂದಳು. ಬರುವ ಮೊದಲೇ ಅವ್ವನಿಗೆ ಫೋನು ಮಾಡಿ, ಹಣ್ಣಾಗಿ ಕಪ್ಪಾದ ಬಾಳೆಗೊನೆಯನ್ನು ಎಸೆಯಬೇಡಿ ಎಂದಿದ್ದಳು. ಬಂದವಳು ಬ್ಯಾಗು ಇಟ್ಟು, ಅಡುಗೆಮನೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಗೊನೆಯ ಮೇಲಿನ ನೊಣಗಳನ್ನು ನೋಡುತ್ತ ಕೂತಳು. ನೆಂಟರ ಮಗುವನ್ನು ನೋಡುವ ಹಾಗೆ! “ಅಣ್ಣ, ಇವೂ ನಮ್ಮ ಹಾಗೇ. ರಾತ್ರಿ ಮಲಗ್ತವೆ, ಮಧ್ಯಾಹ್ನ ಮತ್ತೊಂದು ನಿದ್ದೆ ತೆಗೀತವೆ.” ನನ್ನ ಹೆಂಡತಿ ಲಲಿತಾ ಅಕ್ಕರೆಯಿಂದ “ಹೌದನೇ?” ಎಂದಳು. ಇದೇ ಲಲಿತಾ ನಾನು ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿದರೆ ಪಾತ್ರೆ ಕುಕ್ಕುತ್ತಾಳೆ. ನಾನು ಮಲಗಿದರೆ ಸೋಮಾರಿತನ, ನೊಣ ಮಲಗಿದರೆ ವಿಜ್ಞಾನ. ನನ್ನ ಹೊಟ್ಟೆಕಿಚ್ಚು ತಂಗಿಯನ್ನು ದಾಟಿ ನೊಣಕ್ಕೆ ತಲುಪಿದ್ದು ಅವತ್ತೇ.

ವಂದನಾರ್ಪಣೆಯನ್ನೇ ಮುಖ್ಯ ಭಾಷಣವಾಗಿಸಿಬಿಡುತ್ತೇನೆ ಎಂದು ಹಟ ಹಿಡಿದೆ. ಚೀಟಿ ನೋಡಿ ಓದುವ ಪೈಕಿ ನಾನಲ್ಲ. ಬಾಯಿಪಾಠ ಮಾಡಿದೆ. ಭಾರತಿಯ ಬಗ್ಗೆ ಒಂದು ಮಾತನ್ನು ತುಂಬ ತಿದ್ದಿ ತೀಡಿ, ಜನ ಎದ್ದು ಹೋಗದಂತೆ ಕಟ್ಟಕಡೆಗೆ ಇಟ್ಟುಕೊಂಡೆ. ಗ್ಯಾದರಿಂಗಿನ ಹಿಂದಿನ ರಾತ್ರಿ ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಶಾಲು, ಬಿಟ್ಟರೆ ಹಣ್ಣಿನ ಬುಟ್ಟಿ.

ಸಭೆಯಲ್ಲಿ ಭಾರತಿ ನಮ್ಮೂರ ಮಾತಿನಲ್ಲೇ ಮಾತಾಡಿದಳು. ಸಣ್ಣ ಗಾಜಿನ ಕೊಳವೆ, ಒಳಗೊಂದು ನೊಣ. ಐದು ನಿಮಿಷ ಅಲುಗಾಡದಿದ್ದರೆ ನಿದ್ದೆ ಎಂದು ಲೆಕ್ಕ. (ಆ ಲೆಕ್ಕದಲ್ಲಿ ನಮ್ಮ ಆಫೀಸು ಹಗಲೆಲ್ಲ ನಿದ್ದೆಯಲ್ಲೇ ಇರುತ್ತದೆ.) ಒಂದು ವಾಸನೆ ತೋರಿಸಿ ಸಣ್ಣಗೆ ಕರೆಂಟು ಮುಟ್ಟಿಸಿದರೆ ನೊಣ ಆ ವಾಸನೆಯಿಂದ ದೂರ ಹೋಗಲು ಕಲಿಯುತ್ತದೆ. ಆದರೆ ರಾತ್ರಿಯಿಡೀ ಕೊಳವೆ ಅಲುಗಾಡಿಸಿ ನಿದ್ದೆ ಕೆಡಿಸಿದರೆ ಕಲಿತದ್ದನ್ನು ಮರೆತು ಮತ್ತೆ ಅಲ್ಲಿಗೇ ಹೋಗುತ್ತದೆ. “ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಡಬೇಡಿ,” ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಭಾಷಣದ ಹೊತ್ತಿಗೆ ಸರಿಯಾಗಿ ಮೊಬೈಲು ತೆಗೆಯುವ ಗಣಪತಣ್ಣ ಬಾಯಿ ತೆರೆದು ಕೂತಿದ್ದ. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟಾಗ ಅದರೊಳಗಿಂದ ನಾಲ್ಕಾರು ನೊಣ ಎದ್ದವು. ವೇದಿಕೆಯ ಮೇಲೂ ಅವಳು ಅವುಗಳನ್ನು ನೋಡಿಯೇ ನಕ್ಕಳು, ನನ್ನನ್ನಲ್ಲ.

ನನ್ನ ಸರದಿ ಬಂತು. ಹೆಡ್‌ಮಾಸ್ತರರಿಗೆ, ಕಮಿಟಿಗೆ, ಮೈಕ್‌ಸೆಟ್ಟಿಗೆ, ಶಾಮಿಯಾನಕ್ಕೆ, ಅವಲಕ್ಕಿ ಕಲಸಿದವರಿಗೆ, ಕರೆಂಟು ತೆಗೆಯದೆ ಸಹಕರಿಸಿದವರಿಗೆ, ಎಲ್ಲರಿಗೂ ಒಂದೂ ತಪ್ಪದೆ ವಂದಿಸಿ, “ನಮಸ್ಕಾರ” ಎಂದು ಕೂತೆ. ಚಪ್ಪಾಳೆಯಿಲ್ಲ. ಯಾರೂ ಚಪ್ಪಲಿಯನ್ನೂ ಹುಡುಕುತ್ತಿಲ್ಲ. ಗಣಪತಣ್ಣ ನನ್ನ ಕಿವಿಗೆ ಬಗ್ಗಿದ: “ಭಾರತಿ ಹೆಸರೇ ಹೇಳ್ಲಿಲ್ಲಲ್ಲ ಮಾರಾಯ!” ಹೆಂಗಸರ ಸಾಲಿನಿಂದ ಒಂದು ದನಿ ಮೈಕಿಲ್ಲದೆಯೇ ಸಭೆಯನ್ನೆಲ್ಲ ಮುಟ್ಟಿತು: “ಹೊಟ್ಟೆಕಿಚ್ಚು, ಮತ್ತೆಂತದು?” ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಣೆ ಮಾಡಿ ಹೇಳುತ್ತೇನೆ, ಮರೆತೇ ಹೋಗಿತ್ತು. ಕಡೆಗೆಂದು ಎತ್ತಿಟ್ಟ ಆ ಮಾತೇ ಮಾಯ. ಆದರೆ ಹೊಟ್ಟೆಕಿಚ್ಚಿನವನು ‘ಮರೆತೆ’ ಎಂದರೆ ಯಾರು ನಂಬುತ್ತಾರೆ? ಕೇರಿಯ ಮೊದಲ ಪದವೀಧರ ಎಂದು ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಹೋಗಿ, ತಂಗಿಯನ್ನು ಸಹಿಸದ ಅಣ್ಣ ಎಂಬ ಹೆಸರು ಅಲ್ಲೇ, ಶಾಮಿಯಾನದ ಕೆಳಗೇ, ಶಾಶ್ವತವಾಗಿ ಅಂಟುವುದರಲ್ಲಿತ್ತು. ಅಷ್ಟರಲ್ಲಿ ಭಾರತಿ ಎದ್ದು ಮೈಕು ಹಿಡಿದಳು.

“ನೋಡಿದ್ರಲ್ಲ ಮಕ್ಕಳೇ? ಇಷ್ಟೊತ್ತು ನಾನು ಹೇಳಿದ್ದು ಇದನ್ನೇ. ನಮ್ಮಣ್ಣ ನಿನ್ನೆ ರಾತ್ರಿ ಒಂದು ಚೂರೂ ಮಲಗಲಿಲ್ಲ. ಬಾಯಿಪಾಠ ಮಾಡೋದು ನನ್ನ ಕೋಣೆಗೆ ಕೇಳ್ತಿತ್ತು. ನಿದ್ದೆ ಕೆಟ್ಟರೆ ಮನೆಯವರ ಹೆಸರೂ ಮರೆತುಹೋಗ್ತದೆ.”

ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಇಷ್ಟು ವರ್ಷಗಳ ನನ್ನ ಭಾಷಣಕ್ಕೆ ಬಾರದ ಚಪ್ಪಾಳೆ ನನ್ನ ಮರೆವಿಗೆ ಬಂತು. ನನ್ನ ಮಾನ ಉಳಿಯಿತು, ನೊಣದ ಸಾಲಿನಲ್ಲಿ ನಿಂತು.

ಮನೆಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು. “ನಿದ್ದೆ ಎಂತಕ್ಕೆ ಬರಲಿಲ್ಲ ಅಣ್ಣ?”

“ಸೆಕೆ.”

“ಈ ಚಳೀಲಿ?” ಎಂದವಳೇ ತನಗೆ ಹೊದಿಸಿದ್ದ ಶಾಲನ್ನು ತೆಗೆದು ನನ್ನ ಹೆಗಲಿಗೆ ಹಾಕಿ, “ಹೊದ್ಕೊಂಡು ಮಲಗು” ಎಂದಳು. ಪ್ರತಿ ವರ್ಷ ಕೊಡುವ ಅದೇ ಜಾತಿಯ ಶಾಲು. ಆದರೆ ನನ್ನ ಪೆಟ್ಟಿಗೆಯಲ್ಲಿರುವ ಯಾವುದೂ ಅಷ್ಟು ಬೆಚ್ಚಗಿರಲಿಲ್ಲ.

ಮಾರನೆಯ ದಿನ ಭಾನುವಾರ. ಎಚ್ಚರವಾದಾಗ ಮಧ್ಯಾಹ್ನ. ಪಾತ್ರೆಯ ಸದ್ದೂ ಇಲ್ಲ. ಕಣ್ಣು ಬಿಟ್ಟ ಕೂಡಲೇ, ಅವಳ ವಿಜ್ಞಾನಕ್ಕೆ ಸಾಕ್ಷಿ ಹೇಳುವ ಹಾಗೆ, ಮರೆತ ಮಾತು ಅಕ್ಷರ ಬಿಡದೆ ನೆನಪಾಯಿತು: ‘ನಮ್ಮ ಕೇರಿಯ ಮೊದಲ ಪದವೀಧರ ನಾನು, ಮೊದಲನೆಯವನಾಗಿದ್ದು ಸಾರ್ಥಕವಾದದ್ದು ನನ್ನ ಹಿಂದೆ ಬಂದ ಈ ತಂಗಿಯಿಂದ.’ ಗಮನಿಸಿ, ಅದರಲ್ಲೂ ನಾನೇ ಮೊದಲು. ಆದರೂ ಅದನ್ನು ಅವಳ ಮುಂದೆ ಹೇಳಲೇಬೇಕು ಎಂದು ಶಾಲು ಸಮೇತ ಅಡುಗೆಮನೆಗೆ ಓಡಿದೆ. ಭಾರತಿ ಹಣ್ಣಿನ ಬುಟ್ಟಿಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಲಲಿತಾ, ಅವ್ವ. ಯಾರೂ ಪಿಟಕ್ಕೆನ್ನುತ್ತಿಲ್ಲ.

“ಭಾರತೀ, ನಿನ್ನೆ ನಾನು ಹೇಳಬೇಕಿದ್ದದ್ದು…”

ಲಲಿತಾ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. “ಶ್! ಮಲಗಿವೆ.”

ವಂದನಾರ್ಪಣೆಯನ್ನು ಬಾಯಲ್ಲಿ ಹಿಡಿದುಕೊಂಡು, ನೊಣಗಳು ಏಳುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತೆ.