ಕೊಪ್ಪರಿಗೆಗೊಂದು ಬೆರಳು

ನಾನು ಸುಳ್ಳುಗಾರನಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಸಕ್ಕರೆಯನ್ನು ಒಂದು ಹರಳೂ ಮುಟ್ಟಿಲ್ಲವೆಂದು ಡಾಕ್ಟರಮ್ಮನ ಮುಂದೆ ದೇವರಾಣೆ ಇಟ್ಟಿದ್ದೇನೆ, ಅದು ನಿಜ. ಬೆಲ್ಲದ ವಿಷಯ ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಕೃಷ್ಣರಾಜನಗರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಲ್ಲಿ ಪಾಕ ನೋಡುವವನು ನಾನೇ. ಕೆಲವು ಗದ್ದೆಯ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿರುತ್ತದೆ, ನಾಲಿಗೆಗೆ ಇಡದೆ ತಿಳಿಯುವುದಿಲ್ಲ. ಕೊಪ್ಪರಿಗೆಗೊಂದು ಬೆರಳು ಎಂದು ಹೆಂಡತಿ ಜಯಮ್ಮ ಒಪ್ಪಿದ್ದಳು. ಬೆರಳನ್ನು ಎಷ್ಟು ಸಲ ಅದ್ದಬಹುದೆಂದು ಮಾತಾಗಿರಲಿಲ್ಲ. ಅದೂ ಅಲ್ಲದೆ ಆಲೆಮನೆಗೆ ಬಂದವರಿಗೆ ಬಿಸಿ ಬೆಲ್ಲ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬಂದವರೊಬ್ಬರನ್ನೇ ತಿನ್ನಲು ಬಿಡುವುದು ಮರ್ಯಾದೆಯಲ್ಲ.

ಹೀಗೆ ಮರ್ಯಾದೆ ಕಾಪಾಡಿ ಕಾಪಾಡಿ ಸುಸ್ತಾಗಿಹೋದೆ. ಇಷ್ಟು ತಿಂದರೂ ಯಾಕೆ ಶಕ್ತಿಯಿಲ್ಲ ಎಂದು ಡಾಕ್ಟರಮ್ಮನನ್ನೇ ಕೇಳಿದೆ.

"ನಿಮ್ಮ ಅಂಗಳದಲ್ಲಿ ಕಬ್ಬಿನ ಸಿಪ್ಪೆ ರಾಶಿ ಬಿದ್ದಿದೆ, ಒಲೆ ಒಳಗೆ ಹೋಗ್ತಿಲ್ಲ ಅಂತಿಟ್ಕೊಳ್ಳಿ. ಕೊಪ್ಪರಿಗೆ ಕುದಿಯುತ್ತಾ?" ಎಂದರು.

ಇಲ್ಲ ಎಂದೆ.

"ಮುದ್ದೆಯಾಗಲಿ ಅನ್ನವಾಗಲಿ, ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಮೈಯ ಜೀವಕೋಶಗಳೇ ಒಲೆ, ಸಕ್ಕರೇನ ಅದರೊಳಗೆ ತಳ್ಳೋ ಆಳು ಇನ್ಸುಲಿನ್. ಮಿಕ್ಕಿದ್ದನ್ನ ಲಿವರ್ ಎತ್ತಿಟ್ಟು, ಹೊಟ್ಟೆ ಖಾಲಿಯಾದಾಗ ಕೊಡುತ್ತೆ. ನಿಮ್ಮಲ್ಲಿ ಆಳು ಎಷ್ಟು ತಳ್ಳಿದ್ರೂ ಒಲೆ ಬಾಯಿ ತೆಗೀತಿಲ್ಲ. ಸಕ್ಕರೆ ರಕ್ತದಲ್ಲೇ ಉಳಿದು ಕಣ್ಣು, ಕಿಡ್ನಿ, ಕಾಲಿನ ನರ, ಎಲ್ಲ ಹಾಳು ಮಾಡುತ್ತೆ."

"ಆ ಆಳನ್ನ ಬದಲಾಯಿಸೋಕಾಗಲ್ವಾ ಮೇಡಂ?"

"ಆಳು ಪಾಪ ದುಡಿದು ದುಡಿದು ಸಾಯ್ತಿದ್ದಾನೆ. ಯಜಮಾನನೇ ಸರಿಯಿಲ್ಲ."

ಯಜಮಾನನಿಗೆ ಅದರಿಂದ ಬುದ್ಧಿಯೇನೂ ಬರಲಿಲ್ಲ. ಆಮೇಲೊಂದು ದಿನ ಕುದಿಯುವ ಪಾಕ ನನ್ನ ಕಾಲಿನ ಹೆಬ್ಬೆರಳ ಮೇಲೆ ಚೆಲ್ಲಿತು. ನಾನು ಹಾ ಎನ್ನಲಿಲ್ಲ, ಹೂ ಎನ್ನಲಿಲ್ಲ. "ಅಣ್ಣೋರ ಕಾಲು ಕಬ್ಬುಣ ಕಣ್ಲಾ," ಎಂದು ಒಲೆಗೆ ಸಿಪ್ಪೆ ಹಾಕುವ ಸಿದ್ದ ಪಕ್ಕದ ಆಳಿನೆದುರು ಬೆರಗಾದ. ನಿಜವಾಗಿ ಹೇಳಬೇಕೆಂದರೆ ನನಗೂ ಹೆಮ್ಮೆಯೇ ಆಯಿತು. ಎರಡು ದಿನ ಆ ಕಾಲನ್ನು ಬಂದವರಿಗೆಲ್ಲ ತೋರಿಸಿಕೊಂಡು ತಿರುಗಿದೆ. ಮೂರನೆಯ ದಿನ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ಜಯಮ್ಮ ನೋಡಿದಳು. "ಬೆರಳು ಕೊಳೀತಾ ಅದೆ, ಇವರು ಮೆರವಣಿಗೆ ಮಾಡ್ತಾವ್ರೆ," ಎಂದು ಬೈಯುತ್ತಲೇ ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಬೈದಳು. ಆಸ್ಪತ್ರೆಯ ಬಾಗಿಲಲ್ಲಿ ಸುಮ್ಮನಾದಳು. ಆಗ ನನಗೆ ಭಯವಾಯಿತು.

ಬೆರಳು ಉಳಿಯುತ್ತದೋ ಇಲ್ಲವೋ ವಾರ ಬಿಟ್ಟು ಹೇಳುತ್ತೇನೆ ಎಂದು ಡಾಕ್ಟರಮ್ಮ ಗಾಯ ತೊಳೆದು ಕಟ್ಟಿದರು. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, "ಅಂಗಾಲಿಗೆ ದಾರ ಮುಟ್ಟಿಸ್ತೀನಿ, ಗೊತ್ತಾದಾಗ ಹೇಳಿ," ಎಂದರು. ಪರೀಕ್ಷೆ ಅಂದಮೇಲೆ ಫೇಲಾಗಬಾರದಲ್ಲ. ಅಂದಾಜಿನ ಮೇಲೆ "ಗೊತ್ತಾಯ್ತು" ಎಂದೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಎಂದೆ. ನಾಲ್ಕನೆಯ ಸಲ ಹೇಳಿದಾಗ, "ನಾನಿನ್ನೂ ದಾರ ಹುಡುಕ್ತಾ ಇದ್ದೀನಿ," ಎಂಬ ದನಿ ಮೇಜಿನ ಕಡೆಯಿಂದ ಬಂತು.

ಕಣ್ಣು ಬಿಟ್ಟೆ. ಜಯಮ್ಮ ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕೂತು, ಆ ಪಾದವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಒತ್ತುತ್ತಿದ್ದಳು. ಯಾವಾಗಿನಿಂದಲೋ ಏನೋ. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ನನ್ನ ಕಾಲು ಒತ್ತಿದ್ದಳು, ಅದು ನನಗೆ ಗೊತ್ತೇ ಆಗಿರಲಿಲ್ಲ.