‘ಕರಡಿಗೆ ಚಳಿ’ ಪುಸ್ತಕದ ಕರಡಿರಾಯರ ಸನ್ನಿಧಿಗೆ

ಇವರಿಗೆ,
ಶ್ರೀ ಕರಡಿರಾಯರು,
‘ಕರಡಿಗೆ ಚಳಿ’ ಎಂಬ ಚಿತ್ರಪುಸ್ತಕದ ನಿವಾಸಿಗಳು,
ಹಿಮದ ಗುಹೆ.

ಮಾನ್ಯರೇ,

ತಮ್ಮ ತುಪ್ಪಳಕ್ಕೆ, ತಮ್ಮ ಹೊಟ್ಟೆಯ ಮೇಲೆ ಮಲಗಿರುವ ಮೊಲಕ್ಕೆ, ಕಂಕುಳಲ್ಲಿರುವ ಆಮೆಗೆ, ಬೆನ್ನಿಗೆ ಒರಗಿರುವ ಮುಳ್ಳುಹಂದಿಗೆ ಕಮಲಾಪುರದಿಂದ ಗಂಗಾಂಬಿಕಾ ಮಾಡುವ ಅನಂತ ನಮಸ್ಕಾರಗಳು. ನಾನು ಓದಿದ್ದೆಲ್ಲ ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ; ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಒಂದೇ ಪತ್ರ, ಬೀದಿದೀಪ ಕೆಟ್ಟಿದೆ ಎಂದು ಪುರಸಭೆಗೆ ಬರೆಯುವುದು. ಅದರಲ್ಲಿ ಬೀದಿದೀಪ ಇದ್ದ ಕಡೆಯಲ್ಲೆಲ್ಲ ತಮ್ಮನ್ನು ಇಟ್ಟು ಬರೆಯುತ್ತಿದ್ದೇನೆ. ಎಲ್ಲಾದರೂ ‘ತಾವು ಸಂಜೆಯಾದರೂ ಉರಿಯುತ್ತಿಲ್ಲ’ ಎಂದು ಬಂದರೆ ದಯವಿಟ್ಟು ಮನ್ನಿಸಬೇಕು.

ನಾನು ಹೊಸದಾಗಿ ಮದುವೆಯಾದವಳು. ಕೈಯ ಮೆಹಂದಿ ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಯಜಮಾನರ ಹೆಸರು ವೀರೇಶ್, ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಅವರು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಇದು ದೂರಿಗೆ ಸಂಬಂಧಪಟ್ಟ ವಿಷಯವಲ್ಲದಿದ್ದರೂ ದಾಖಲಾಗಿರಲಿ. ಮನೆಯಲ್ಲಿ ಅತ್ತೆ ಕೊಟ್ರಬಸಮ್ಮನವರು, ಮಾವ ಗಾದಿಲಿಂಗಪ್ಪನವರು, ಭಾವ, ನೆಗೆಣ್ಣಿ ಮತ್ತು ಅವರ ನಾಲ್ಕು ವರ್ಷದ ಮಗಳು ಶಾಂಭವಿ ಇದ್ದಾರೆ. ಈ ಶಾಂಭವಿಯ ಸ್ನೇಹ ಸಂಪಾದಿಸಲೆಂದು ತಮ್ಮನ್ನು ಹೊಸಪೇಟೆಯ ಅಂಗಡಿಯಿಂದ ಕೈಯಾರೆ ಆರಿಸಿ ತಂದವಳು ನಾನೇ.

ತಮ್ಮ ಕಥೆ ಎಷ್ಟು ಮುದ್ದಾಗಿದೆ! ಹಿಮ ಬೀಳುತ್ತದೆ, ತಮಗೆ ಚಳಿಯಾಗುತ್ತದೆ, ಮೊಲ ಬಂದು ಬಾಗಿಲು ತಟ್ಟುತ್ತದೆ, ತಾವು ‘ಬನ್ನಿ ಬನ್ನಿ, ಇನ್ನೊಬ್ಬರಿಗೆ ಜಾಗವಿದೆ’ ಎನ್ನುತ್ತೀರಿ. ಆಮೆ ಬಂದರೂ ಜಾಗವಿದೆ. ಮುಳ್ಳುಹಂದಿ ಬಂದಾಗಲಾದರೂ ತಾವು ಒಂದು ಗಳಿಗೆ ಯೋಚಿಸಬಹುದಿತ್ತು. ಆದರೆ ತಮ್ಮದು ದೊಡ್ಡ ಮನಸ್ಸು, ಆಗಲೂ ಜಾಗವಿದೆ. ಕೊನೆಯ ಪುಟದಲ್ಲಿ ಎಲ್ಲರೂ ಒಂದೇ ಕಂಬಳಿಯ ಅಡಿಯಲ್ಲಿ ಬೆಚ್ಚಗೆ ಮಲಗುತ್ತೀರಿ. ಮೊದಲ ಸಲ ಓದಿದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಈಗಲೂ ಬರುತ್ತದೆ, ಕಾರಣ ಮಾತ್ರ ಬೇರೆ.

ಏಕೆಂದರೆ ಪುಸ್ತಕ ಮುಗಿದ ಮೇಲೆ ಶಾಂಭವಿ ತನ್ನ ದಿಂಬು ಎತ್ತಿಕೊಂಡು ನಮ್ಮ ಕೋಣೆಗೆ ಬಂದಳು. “ಚಿಗವ್ವ, ಇನ್ನೊಬ್ಬರಿಗೆ ಜಾಗ ಐತಿ” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ಆದೇಶವಾಗಿತ್ತು. ಸರಿಯಾಗಿ ನಡುವೆ ಮಲಗಿ, ಒಂದು ಕಾಲು ನನ್ನ ಮೇಲೆ, ಇನ್ನೊಂದು ಕಾಲು ತನ್ನ ಚಿಕ್ಕಪ್ಪನ ಮೇಲೆ ಹಾಕಿ, “ಭಾಳ ಚಳಿ ಐತಿ” ಎಂದು ದುಪ್ಪಟಿ ಎಳೆದುಕೊಂಡಳು. ಮಾನ್ಯರೇ, ಇದು ಹಗಲು ಕಾದ ಬಂಡೆಗಳು ಬೆಳಗಿನ ತನಕ ಬಿಸಿ ಉಗುಳುವ ಊರು. ಇಲ್ಲಿ ಫ್ಯಾನ್ ಹಾಕಿದರೆ ಒಲೆ ಊದಿದಂತಾಗುತ್ತದೆ. ಅಂಥ ಬೇಸಿಗೆಯಲ್ಲಿ ತಮ್ಮ ಗುಹೆಯ ಕಾನೂನನ್ನು ಆಕೆ ಅಂದಿನಿಂದ ದಿನವೂ ತಪ್ಪದೆ ಜಾರಿಗೊಳಿಸುತ್ತಿದ್ದಾಳೆ.

ಹಾಗಾಗಿ ನನಗೂ ನನ್ನ ಯಜಮಾನರಿಗೂ ಉಳಿದಿದ್ದು ಒಂದೇ ಆಸೆ. ಅಂಗಡಿಗೆ ರಜೆ ಇರುವ ದಿನ ಸಂಜೆ, ಬೈಕಿನಲ್ಲಿ, ಇಬ್ಬರೇ ಹಂಪಿಗೆ ಹೋಗಿ ತೆಪ್ಪದಲ್ಲಿ ಕೂತು, ಬರುವಾಗ ಬಿಸಿ ಮಿರ್ಚಿ ತಿಂದು ಬರುವುದು. ಅಷ್ಟರೊಳಗೆ ಮಗುವಿಗೆ ತಮ್ಮ ನೆನಪು ಸ್ವಲ್ಪ ಮಾಸಲಿ ಎಂದು ನಾನು ತಮ್ಮನ್ನು ಅತ್ತೆಯವರ ಅಲ್ಮಾರದಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿಸಿದೆ. ಕರಡಿಗಳಿಗೆ ದೀರ್ಘ ನಿದ್ರೆ ಒಳ್ಳೆಯದೆಂದು ನಮ್ಮ ಸೈನ್ಸ್ ಪುಸ್ತಕದಲ್ಲಿತ್ತು.

ರಜೆಯ ದಿನ ಬೆಳಿಗ್ಗೆ ಅತ್ತೆಯವರು ಪೂಜೆಗೆ ಕುಳಿತು ದೇವರ ಮನೆಯಿಂದಲೇ ಕೂಗಿದರು: “ಗಂಗಾ, ಅಲ್ಮಾರದಾಗ ಕರಡಿಗೆ ಐತಿ, ಜಲ್ದಿ ತಗೊಂಡ್ ಬಾರವ್ವ.” ಶಾಂಭವಿ ತಮ್ಮ ಪುಸ್ತಕವನ್ನು ಚುಟುಕಾಗಿ ‘ಕರಡಿಗೆ’ ಎಂದೇ ಕರೆಯುತ್ತಾಳೆ. ಸಿಕ್ಕಿಬಿದ್ದೆನೆಂದು ತಿಳಿದು, ತಮ್ಮನ್ನು ಸೀರೆಗಳ ಅಡಿಯಿಂದ ಎಳೆದು, ಭಯಭಕ್ತಿಯಿಂದ ಒಯ್ದು, ಕಣ್ಣು ಮುಚ್ಚಿ ಚಾಚಿದ್ದ ಅವರ ಅಂಗೈಯ ಮೇಲೆ ಇಟ್ಟೆ. “ತಪ್ಪಾಯ್ತು ಅತ್ತೆ, ನಾನೇ ಬಚ್ಚಿಟ್ಟಿದ್ದೆ” ಎಂದೂ ಹೇಳಿಬಿಟ್ಟೆ. ಅವರು ಕೇಳಿದ್ದು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿಯನ್ನು. ಅಕ್ಕಸಾಲಿಗರು ಹೊಳಪು ಹಾಕಿ ಕೊಟ್ಟಿದ್ದು ಅಲ್ಮಾರದಲ್ಲಿತ್ತು. ಅದರ ಹೆಸರು ಕರಡಿಗೆ! ತವರಿನಲ್ಲಿ ನಮ್ಮ ತಂದೆ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾರೆ, ಆ ಶಬ್ದ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅತ್ತೆ ಕಣ್ಣು ತೆರೆದು, ಅಂಗೈಯಲ್ಲಿ ಪರಿವಾರಸಮೇತ ಮಲಗಿದ್ದ ತಮ್ಮನ್ನು ನೋಡಿ, “ಯವ್ವಾ, ಲಿಂಗ ಒಯ್ದು ಕರಡಿ ಹೊಟ್ಟಿ ಮ್ಯಾಲ ಇಡ್ಲೇನು?” ಎಂದವರು ಹಣೆಯ ವಿಭೂತಿ ಉದುರುವಂತೆ ನಕ್ಕರು. ಮಾವನವರು ಪೇಪರ್ ಬಿಟ್ಟು ಬಂದರು. ಶಾಂಭವಿ “ನನ್ನ ಕರಡಿಗೆ!” ಎಂದು ಕಿರುಚುತ್ತ ಓಡಿ ಬಂದಳು. ಪೂಜೆ ಮುಗಿದ ಮೇಲೆ ಅತ್ತೆ, “ಅದೇನ್ ಐತೋ ಓದವ್ವ, ನಾವೂ ಕೇಳೂಣು” ಎಂದು ಕುಳಿತರು. ಓದಿದೆ. “ನಮ್ಮ ದರೋಜಿ ಗುಡ್ಡದ ಕರಡಿಗೆ ಎಲ್ಲಿ ಚಳಿ ಐತಿ? ಬೆನ್ನು ಸುಡುವಂಥ ಬಿಸಿಲಾಗ ಅಡ್ಡಾಡ್ತಾವ” ಎಂದು ತಮ್ಮ ಚಳಿಯ ಬಗ್ಗೆ ಸಂಶಯ ವ್ಯಕ್ತಪಡಿಸಿದರೂ, ಆ ಜಾಗದ ಮಾತು ಮಾತ್ರ ಅವರ ಮನಸ್ಸಿಗೆ ಹತ್ತಿಬಿಟ್ಟಿತು.

ಸಂಜೆ ನಾನು ಹೆಲ್ಮೆಟ್ ಹಿಡಿದು ಹೊರಗೆ ಬಂದರೆ ಅತ್ತೆ ಒಳ್ಳೆಯ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. “ಇನ್ನೊಬ್ರಿಗೆ ಜಾಗ ಐತಲ್ಲವ್ವ?” ಬೈಕ್ ಹೋಗಿ ಕಾರಾಯಿತು. ಕಾರೆಂದ ಮೇಲೆ ಮಾವ ಬಂದರು, ಭಾವ ಬಂದರು, ನೆಗೆಣ್ಣಿ ಡಬ್ಬಿ ತುಂಬ ಮಂಡಾಳ ವಗ್ಗರಣೆ, ಅಂದರೆ ಒಗ್ಗರಣೆ ಮಂಡಕ್ಕಿ, ಹಿಡಿದು ಬಂದರು, ಶಾಂಭವಿ ತಮ್ಮನ್ನು ಹಿಡಿದು ಬಂದಳು. ನದಿಯ ದಡದಲ್ಲಿ ತೆಪ್ಪ ನಡೆಸುವ ಮೂಕಣ್ಣನವರು ತೆಪ್ಪ ತುಂಬುವಷ್ಟು ಕೂತಿದ್ದ ನಮ್ಮನ್ನು ನೋಡಿ, ದಡದಲ್ಲಿ ಸುಮ್ಮನೆ ನಿಂತಿದ್ದ ಯಾರೋ ಪ್ರವಾಸಿಯನ್ನು “ಬರ್ರಿ ಬರ್ರಿ, ಇನ್ನೊಬ್ರಿಗೆ ಜಾಗ ಐತ್ರಿ” ಎಂದು ಕರೆದರು. ಅವರು ತಮ್ಮ ಪುಸ್ತಕ ಓದಿದವರಲ್ಲ ಎಂದು ನನಗೆ ಈಗಲೂ ನಂಬಿಕೆ ಬಂದಿಲ್ಲ. ಮೇಲಾಗಿ ತೂಕ ಸಮ ಇರಬೇಕೆಂದು ನನ್ನನ್ನು ಈ ಅಂಚಿಗೆ, ನನ್ನ ಯಜಮಾನರನ್ನು ಆ ಅಂಚಿಗೆ ಕೂರಿಸಿದರು. ಹೊಳೆಯುದ್ದಕ್ಕೂ ನಾನು ಆ ಪ್ರವಾಸಿಯ ಹ್ಯಾಟಿನ ಸಂದಿಯಿಂದ ಎಡಗೆನ್ನೆಯ ಗುಳಿಯನ್ನು ನೋಡುತ್ತಾ ಹೋದೆ. ಬಹಳ ಚೆನ್ನಾಗಿ ಕಾಣುತ್ತಿತ್ತು, ಅದನ್ನೂ ದಾಖಲಿಸಿಕೊಳ್ಳಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಅಲ್ಲ, ಈ ಒಂದು ಸಲ ದಯವಿಟ್ಟು ಸಣ್ಣ ಮನಸ್ಸು ಮಾಡಿ, ಗುಹೆಯ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಬೇಕಾಗಿ ವಿನಂತಿ. ಸಾಧ್ಯವಾದರೆ ‘ಕರಡಿಗೆ ಸೆಕೆ’ ಎಂಬ ಎರಡನೆಯ ಪುಸ್ತಕದಲ್ಲಿ ಕಾಣಿಸಿಕೊಂಡು, ಮೊಲ, ಆಮೆ, ಮುಳ್ಳುಹಂದಿಗಳಿಗೆ ಒಂದೊಂದು ಮುತ್ತು ಕೊಟ್ಟು, ಅವರವರ ಅಪ್ಪ-ಅಮ್ಮಂದಿರ ಕೋಣೆಗೆ ಪ್ರೀತಿಯಿಂದ ಕಳಿಸಿಕೊಡಬೇಕು. ಮುಳ್ಳುಹಂದಿಗೆ ಮುತ್ತು ಕೊಡುವುದು ಕಷ್ಟವೆಂದು ಬಲ್ಲೆ. ನಮ್ಮ ಶಾಂಭವಿಯನ್ನು ಕಳಿಸುವುದು ಅದಕ್ಕಿಂತ ಕಷ್ಟ, ಏಕೆಂದರೆ ನಿದ್ದೆಯಲ್ಲಿ ಅವಳು ನನ್ನ ಕೊರಳು ತಬ್ಬಿಕೊಂಡಾಗ ನನಗೇ ಕಳಿಸಲು ಮನಸ್ಸು ಬರುವುದಿಲ್ಲ.

ಅಂಚಿಗೆ ಸರಿದು ಸರಿದು ಇನ್ನೇನು ಮಂಚದಿಂದ ಬೀಳಲಿರುವ,
ತಮ್ಮ ವಿಶ್ವಾಸಿ,
ಗಂಗಾಂಬಿಕಾ ವೀರೇಶ್
ಕಮಲಾಪುರ

ತಾ.ಕ.: ಅತ್ತೆಯವರು ಈಗ ತಮ್ಮ ಪುಸ್ತಕವನ್ನು ದಿನವೂ ಓದಿಸಿಕೊಳ್ಳುತ್ತಾರೆ. ‘ಇನ್ನೊಬ್ಬರಿಗೆ ಜಾಗವಿದೆ’ ಎಂಬಲ್ಲಿಗೆ ಬಂದಾಗ ಪುಸ್ತಕ ಬಿಟ್ಟು ನನ್ನ ಮಡಿಲನ್ನೇ ನೋಡಿ, “ಐತಿ, ಭಾಳ ಐತಿ” ಎನ್ನುತ್ತಾರೆ. ತಾವು ಅವರಿಗೆ ಪ್ರಿಯರಾದ್ದರಿಂದ ಒಂದು ಮಾತು ತಾವೇ ತಿಳಿಸಿಕೊಡಬೇಕು: ಆ ಇನ್ನೊಬ್ಬರು ಬರಬೇಕಾದರೆ, ಮೊದಲು ನಮ್ಮಿಬ್ಬರಿಗೆ ಜಾಗ ಬಿಡಬೇಕು.